ಮದುವೆ ಫೋಟೊಗೆ ಎಷ್ಟು ಹೇಳಲಿ? – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ದುಡ್ಡಿನ ಬಗ್ಗೆಯೇ ಇವೆ. ಫಿಲಂ ರೋಲ್ ಕಾಲದಿಂದಲೂ ಚನ್ನರಾಯಪಟ್ಟಣದ ಸುತ್ತಮುತ್ತ ಮದುವೆ ಫೋಟೊ ತೆಗೆಯುತ್ತಾ, ಸ್ಟುಡಿಯೊ ನಡೆಸುತ್ತಾ ಬಂದವಳು ನಾನು. ಇಲ್ಲಿ ಹೇಳುವ ಮೊತ್ತಗಳು ತಾಲ್ಲೂಕು ಮಟ್ಟದ ಅಂದಾಜು. ಬೆಂಗಳೂರು, ಮಂಗಳೂರಿನವರು ತಮ್ಮ ಊರಿನ ಅಂಕಿ ಹಾಕಿಕೊಳ್ಳಿ, ಲೆಕ್ಕ ಮಾಡುವ ದಾರಿ ಅದೇ.

ಪ್ರಶ್ನೆ: ಐದು ವರ್ಷ ಬೇರೆಯವರ ಜೊತೆ ಕೆಲಸ ಮಾಡಿ ಈಗ ಸ್ವಂತ ಸ್ಟುಡಿಯೊ ಹಾಕಿದ್ದೇನೆ. ನಮ್ಮ ಬೀದಿಯ ಹಳೆಯ ಸ್ಟುಡಿಯೊದವರು ಆರತಕ್ಷತೆ, ಮುಹೂರ್ತ, ವಿಡಿಯೋ, ಆಲ್ಬಮ್ ಎಲ್ಲಾ ಸೇರಿ 35,000 ತಗೋತಾರೆ. ನಾನು 30,000 ಅಂತ ಹೇಳಿದರೆ ಗಿರಾಕಿ ಬರ್ತಾರೆ ಅಲ್ವಾ? – ಓದುಗ, ಅರಸೀಕೆರೆ

ಉತ್ತರ: ಗಿರಾಕಿ ಬರ್ತಾರೆ. ಆದರೆ ದುಡ್ಡು ಉಳಿಯುತ್ತಾ? ಒಂದು ಹಾಳೆ, ಪೆನ್ನು ತಗೊಳ್ಳಿ.

ಶನಿವಾರ ಸಂಜೆ ಆರತಕ್ಷತೆ, ಭಾನುವಾರ ಬೆಳಿಗ್ಗೆ ಮುಹೂರ್ತ. ಫೋಟೊ ನೀವೇ ತೆಗೆಯುತ್ತೀರಿ. ವಿಡಿಯೋದವರಿಗೆ ಎರಡು ಹೊತ್ತಿಗೆ 6,000. ಲೈಟ್ ಹಿಡಿಯುವ ಹುಡುಗನಿಗೆ 2,000. 12x36 ಇಂಚು ಅಳತೆಯ 35 ಶೀಟ್ ಆಲ್ಬಮ್‌ಗೆ ಡಿಸೈನ್, ಪ್ರಿಂಟ್, ಬಾಕ್ಸ್ ಸೇರಿ 9,000. ವಿಡಿಯೋ ಎಡಿಟಿಂಗ್ 4,000. ಪೆನ್‌ಡ್ರೈವ್, ಬ್ಯಾಕಪ್ ಹಾರ್ಡ್ ಡಿಸ್ಕ್‌ನ ಪಾಲು 1,000. ಪೆಟ್ರೋಲ್, ಓಡಾಟ 1,500. ಒಟ್ಟು 23,500. ಇದು ಕೈಯಿಂದ ನೇರವಾಗಿ ಹೋಗುವ ದುಡ್ಡು, ಇಷ್ಟನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ.

ಮುಂದಿನದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಎರಡು ಕ್ಯಾಮೆರಾ, ಲೆನ್ಸ್, ಫ್ಲ್ಯಾಶ್, ಕಂಪ್ಯೂಟರ್ ಸೇರಿ ನಾಲ್ಕೂವರೆ ಲಕ್ಷ ಹಾಕಿದ್ದೀರಿ ಅನ್ನೋಣ. ಅದು ನಾಲ್ಕು ವರ್ಷ ಬಾಳುತ್ತೆ. ಕೆನಾನ್ 5ಡಿ ಮಾರ್ಕ್ 4 ತರಹದ ಗಟ್ಟಿ ಕ್ಯಾಮೆರಾದ ಶಟರ್‌ಗೂ ಕಂಪನಿ ಹೇಳುವ ಆಯಸ್ಸು 1.5 ಲಕ್ಷ ಕ್ಲಿಕ್. ಒಂದು ಮದುವೆಗೆ 3,000 ಸಲ ಒತ್ತಿದರೆ 50 ಮದುವೆಗೆ ಆ ಲೆಕ್ಕ ಮುಗಿಯಿತು. ಕ್ಯಾಮೆರಾ ಸವೆಯುವುದು ನಿಮ್ಮ ಖರ್ಚೇ.

ವರ್ಷಕ್ಕೆ ಎಷ್ಟು ಮದುವೆ ಸಿಗಬಹುದು? ಆಷಾಢದಲ್ಲಿ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ವೈಶಾಖದಲ್ಲಿ ಒಂದೇ ದಿನ ನಾಲ್ಕು ಮನೆಯವರು ಕರೆಯುತ್ತಾರೆ, ನೀವು ಹೋಗುವುದು ಒಂದಕ್ಕೆ. ಹೊಸಬರಿಗೆ 30 ಸಿಕ್ಕರೆ ಒಳ್ಳೆಯ ವರ್ಷ. ನಾಲ್ಕು ವರ್ಷಕ್ಕೆ 120 ಮದುವೆ. ಅಂದರೆ ಪ್ರತಿ ಮದುವೆಯ ಮೇಲೆ ಸಲಕರಣೆಯ ಪಾಲು 3,750. ಅಂಗಡಿ ಬಾಡಿಗೆ, ಕರೆಂಟು, ಇಂಟರ್ನೆಟ್ ಸೇರಿ ತಿಂಗಳಿಗೆ 10,000 ಆದರೆ, ವರ್ಷದ 1,20,000ವನ್ನು 30 ಮದುವೆಗೆ ಹಂಚಿದಾಗ ತಲಾ 4,000. ಈಗ ಕೂಡಿ: 31,250.

ನೀವು ಹೇಳಲು ಹೊರಟಿದ್ದು 30,000. ಒಂದು ಮದುವೆಗೆ 1,250 ರೂಪಾಯಿ ನೀವೇ ಕೈಯಿಂದ ಹಾಕಿದಂತೆ. ನಿಮ್ಮ ಕೂಲಿಯನ್ನು ಇನ್ನೂ ಸೇರಿಸಿಲ್ಲ. ಶೂಟಿಂಗ್ ಎರಡು ದಿನ, ಆರಿಸುವುದು ಮತ್ತು ಬಣ್ಣ ತಿದ್ದುವುದು ಎರಡು ದಿನ, ಆಲ್ಬಮ್ ತಿದ್ದುಪಡಿ, ಫೋನು, ಓಡಾಟ ಒಂದು ದಿನ. ದಿನಕ್ಕೆ 1,500ರಂತೆ 7,500. ಈಗ 38,750 ಆಯಿತು. ಇದರ ಕೆಳಗೆ ಇಳಿದರೆ ಪುಕ್ಕಟೆ ದುಡಿಮೆ. ರಿಪೇರಿ ಇದೆ, ಮದುವೆ ಇಲ್ಲದ ತಿಂಗಳುಗಳೂ ಇವೆ. ಹಾಗಾಗಿ ನಿಮ್ಮ ದರ 44–45 ಸಾವಿರದ ಹತ್ತಿರ ಇರಬೇಕು.

ಹಾಗಾದರೆ ಆ ಹಳೆಯ ಸ್ಟುಡಿಯೊದವರಿಗೆ 35,000ಕ್ಕೆ ಹೇಗೆ ಗಿಟ್ಟುತ್ತೆ? ಅಂಗಡಿ ಸ್ವಂತದ್ದಿರಬಹುದು. ಕ್ಯಾಮೆರಾ ಸಾಲ ತೀರಿರಬಹುದು. ಮನೆಯವರೇ ಎಡಿಟಿಂಗ್ ಮಾಡುತ್ತಿರಬಹುದು. ಅವರ ದರ ಅವರ ಮನೆಯ ಲೆಕ್ಕದಿಂದ ಬಂದದ್ದು. ಅದನ್ನು ನಕಲು ಮಾಡಿದರೆ ಅವರ ಬೆಲೆ ಮಾತ್ರ ನಿಮಗೆ ಬರುತ್ತೆ, ಅವರ ಅನುಕೂಲ ಬರೋದಿಲ್ಲ.

ರೋಲ್ ಕಾಲದಲ್ಲಿ ಈ ತೊಂದರೆ ಕಡಿಮೆ ಇತ್ತು. ಒಂದು ರೋಲ್‌ಗೆ 36 ಫೋಟೊ. ಎಷ್ಟು ರೋಲ್, ಎಷ್ಟು ಪ್ರಿಂಟ್ ಅಂತ ಬಿಲ್ ಬರೆಯುತ್ತಿದ್ದೆವು. ಇನ್ನೊಂದು ರೋಲ್ ಹಾಕಲಾ ಅಂತ ಕೇಳಿದರೆ ಹುಡುಗಿಯ ಅಪ್ಪ ಯೋಚಿಸಿ ಹೂಂ ಅನ್ನುತ್ತಿದ್ದರು. ಖರ್ಚು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ಕ್ಲಿಕ್ ಪುಕ್ಕಟೆ ಅಂತ ಜನ ಅಂದುಕೊಂಡಿದ್ದಾರೆ, ನಾವೂ ಹಾಗೇ ನಂಬಿಬಿಟ್ಟಿದ್ದೇವೆ. ಆ ಖರ್ಚು ಎಲ್ಲೂ ಹೋಗಿಲ್ಲ. ರೋಲ್‌ನಲ್ಲಿದ್ದದ್ದು ರಾತ್ರಿ ಕಂಪ್ಯೂಟರ್ ಮುಂದೆ ಕೂರುವ ಹೊತ್ತಾಗಿ ಬದಲಾಗಿದೆ. ಆ ಹೊತ್ತಿಗೆ ದುಡ್ಡು ಕೇಳಲು ದಯವಿಟ್ಟು ಸಂಕೋಚ ಬೇಡ.

ಪ್ರಶ್ನೆ: ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ಪ್ಯಾಕೇಜ್ ಮಾಡಿದ್ದೇನೆ. ಎಲ್ಲರೂ ಸಿಲ್ವರ್ ತಗೊಂಡು, ಆಮೇಲೆ ಗೋಲ್ಡ್‌ನಲ್ಲಿ ಇರೋದನ್ನೂ ಮಾಡಿಕೊಡಿ ಅಂತಾರೆ. – ಓದುಗ, ದಾವಣಗೆರೆ

ಉತ್ತರ: ಆ ಹೆಸರುಗಳನ್ನು ತೆಗೆದುಹಾಕಿ. ಸಿಲ್ವರ್ ಅಂದರೆ ಏನು ಅಂತ ಮದುವೆ ಮನೆಯವರಿಗೆ ಹೇಗೆ ಗೊತ್ತಾಗಬೇಕು? ಅವರು ಯೋಚಿಸುವುದು ಶಾಸ್ತ್ರಗಳ ಲೆಕ್ಕದಲ್ಲಿ. ಚಪ್ಪರ, ಅರಿಶಿಣ, ವರಪೂಜೆ, ಆರತಕ್ಷತೆ, ಧಾರೆ, ಹೆಣ್ಣು ಒಪ್ಪಿಸುವುದು, ಬೀಗರ ಊಟ. ನಿಮ್ಮ ಕಾರ್ಡೂ ಹಾಗೇ ಇರಲಿ. ‘ಮುಹೂರ್ತ ಮಾತ್ರ’ ಒಂದು. ‘ಆರತಕ್ಷತೆ ಮತ್ತು ಮುಹೂರ್ತ’ ಇನ್ನೊಂದು. ‘ಚಪ್ಪರದಿಂದ ಬೀಗರ ಊಟದವರೆಗೆ’ ಮತ್ತೊಂದು. ಪ್ರತಿಯೊಂದರಲ್ಲೂ ಎಷ್ಟು ಜನ ಬರುತ್ತೀರಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ಎಷ್ಟು ಶೀಟ್ ಅಂತ ಬರೆಯಿರಿ. ಮಾತಿನಲ್ಲಿ ಹೇಳಿದ್ದು ಮದುವೆ ಗಡಿಬಿಡಿಯಲ್ಲಿ ಯಾರಿಗೂ ನೆನಪಿರೋದಿಲ್ಲ.

ಎಲ್ಲಕ್ಕಿಂತ ಚಿಕ್ಕ ಪ್ಯಾಕೇಜ್ ಕೂಡ ಮರ್ಯಾದೆಯದ್ದಾಗಿರಬೇಕು. ದೊಡ್ಡದನ್ನು ತಗೊಳ್ಳಲಿ ಅಂತ ಚಿಕ್ಕದನ್ನು ಬೇಕಂತಲೇ ಕೆಡಿಸಿ ಇಡುವ ರೂಢಿ ಶುರುವಾಗಿದೆ. ಅದು ನನಗೆ ಒಂದಿಷ್ಟೂ ಒಪ್ಪಿಗೆ ಇಲ್ಲ. ಕಡಿಮೆ ದುಡ್ಡು ಕೊಟ್ಟ ಮನೆಯಲ್ಲೂ ಅಂತರಪಟ ಸರಿಯುವ ಗಳಿಗೆ ಒಂದೇ ಸಲ ಬರೋದು. ಅಲ್ಲಿ ನಿಮ್ಮ ಒಳ್ಳೆಯ ಲೆನ್ಸೇ ಇರಬೇಕು.

ಹೆಚ್ಚಿನ ಕೆಲಸಕ್ಕೆ ಹೊತ್ತಿನ ದರ ಇಡಿ. ಅರಿಶಿಣ ಶಾಸ್ತ್ರ ಸೇರಿಸಿದರೆ ಇಷ್ಟು, ಬೀಗರ ಊಟ ಸೇರಿಸಿದರೆ ಇಷ್ಟು. ಅರಿಶಿಣಕ್ಕೆ ಹೆಂಗಸರೇ ಬರಲಿ ಅಂತ ಕೇಳುವ ಮನೆಗಳು ಜಾಸ್ತಿ ಇವೆ. ನನಗೆ ಎಷ್ಟೋ ಮದುವೆ ಬಂದದ್ದು ಆ ಬಾಗಿಲಿನಿಂದಲೇ. ನಿಮ್ಮ ತಂಡದಲ್ಲಿ ಒಬ್ಬ ಹುಡುಗಿಗೆ ಕೆಲಸ ಕಲಿಸಿ, ಸಂಬಳ ಸರಿಯಾಗಿ ಕೊಡಿ.

ಇನ್ನು ಎರಡನೆಯ ಆಲ್ಬಮ್. ಗಂಡಿನ ಮನೆಯವರಿಗೂ ಒಂದು ಬೇಕು ಅಂದಾಗ ಮತ್ತೆ ಪೂರ್ತಿ ದರ ಹೇಳಬೇಡಿ, ಡಿಸೈನ್ ಆಗಲೇ ಆಗಿರುತ್ತೆ. ಪ್ರಿಂಟ್ ಖರ್ಚಿನ ಮೇಲೆ ಸ್ವಲ್ಪ ಹಾಕಿದರೆ ಸಾಕು. ಆದರೆ ಅವರಿಗೆ ಬೇರೆಯದೇ ಫೋಟೊಗಳು ಬೇಕು ಅಂದರೆ ಅದು ಹೊಸ ಕೆಲಸ, ಡಿಸೈನ್ ದುಡ್ಡನ್ನೂ ಕೇಳಿ. ಬುಕಿಂಗ್ ದಿನವೇ ಒಂದು ಮಾತು ಕೇಳಿ: ಎರಡೂ ಮನೆಯವರು ಬೇರೆ ಬೇರೆ ಫೋಟೊಗ್ರಾಫರ್ ಕರೆಸುತ್ತಿದ್ದೀರಾ? ಹೌದು ಅಂದರೆ ವೇದಿಕೆ ಮೇಲೆ ನಾಲ್ಕು ಕ್ಯಾಮೆರಾ ನಿಲ್ಲುತ್ತೆ. ಯಾರು ಎಲ್ಲಿ ಅಂತ ಆ ಇನ್ನೊಬ್ಬರ ಜೊತೆ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ: ಸಂಬಂಧಿಕರು, ಊರಿನವರು ‘ನೀನು ನಮ್ಮ ಹುಡುಗ ಅಲ್ವಾ’ ಅಂತ ಅರ್ಧ ಬೆಲೆಗೆ ಕೇಳುತ್ತಾರೆ. ಮನಸ್ತಾಪ ಆಗದ ಹಾಗೆ ಏನು ಮಾಡಲಿ? – ಓದುಗ, ಕುಣಿಗಲ್

ಉತ್ತರ: ಬೆಲೆ ಇಳಿಸಬೇಡಿ, ಕೆಲಸ ಇಳಿಸಿ. ‘35 ಶೀಟ್ ಬದಲು 25 ಮಾಡೋಣ, ಸಿನಿಮಾ ತರಹದ ಸಿನಿಮ್ಯಾಟಿಕ್ ವಿಡಿಯೋ ಬಿಟ್ಟು ಸಾದಾ ವಿಡಿಯೋ ಇರಲಿ’ ಅಂತ ಹೇಳಿದರೆ ಅವರ ಜೇಬಿಗೂ ಹಗುರ, ನಿಮಗೂ ನಷ್ಟ ಇಲ್ಲ. ಸುಮ್ನೆ ಐದು ಸಾವಿರ ಬಿಟ್ಟರೆ ಮೊದಲು ಹೇಳಿದ್ದೇ ಜಾಸ್ತಿ ಇತ್ತು ಅಂತ ಅರ್ಥ ಆಗುತ್ತೆ.

ತೀರಾ ಹತ್ತಿರದವರಾದರೆ ಮುಯ್ಯಿ ಮಾಡುತ್ತೀರಲ್ಲ, ಅದನ್ನು ಫೋಟೊ ರೂಪದಲ್ಲಿ ಮಾಡಿ. ಕೆಲಸಕ್ಕೆ ಸರಿಯಾದ ದುಡ್ಡು ತಗೊಳ್ಳಿ, ಮದುಮಕ್ಕಳ ಒಂದು ದೊಡ್ಡ ಫೋಟೊಗೆ ಕಟ್ಟು ಹಾಕಿಸಿ ಉಡುಗೊರೆ ಕೊಡಿ. ಅವರ ಹಜಾರದಲ್ಲಿ ಅದು ವರ್ಷಗಟ್ಟಲೆ ಇರುತ್ತೆ, ಬಂದವರೆಲ್ಲ ನೋಡುತ್ತಾರೆ.

ಪ್ರಶ್ನೆ: ಮದುವೆಯಾಗಿ ವರ್ಷವಾದರೂ ಫೋಟೊ ಆರಿಸಿ ಕೊಡೋದಿಲ್ಲ. ಬಾಕಿ ದುಡ್ಡೂ ಹಾಗೇ ನಿಂತಿದೆ. – ಓದುಗ, ಹಾವೇರಿ

ಉತ್ತರ: ಇದು ನಮ್ಮ ಕಸುಬಿನ ದೊಡ್ಡ ನೋವು. ಎಷ್ಟೋ ಸ್ಟುಡಿಯೊಗಳ ಬಂಡವಾಳ ಹೀಗೆ ಸಿಕ್ಕಿಕೊಂಡಿದೆ. ನಾನು ಪಾಲಿಸುವ ಕ್ರಮ ಹೇಳುತ್ತೇನೆ. ದಿನ ಕಾಯ್ದಿರಿಸುವಾಗ ನೂರಕ್ಕೆ 30. ಆರತಕ್ಷತೆ ಶುರುವಾಗುವ ಮೊದಲು 50. ಉಳಿದ 20 ಆಲ್ಬಮ್ ಡಿಸೈನ್ ಒಪ್ಪಿದ ದಿನ, ಪ್ರಿಂಟ್‌ಗೆ ಕಳಿಸುವ ಮುಂಚೆ. ಪ್ರಿಂಟ್ ಹಾಕಿಸಿದ ಆಲ್ಬಮ್‌ನಲ್ಲಿ ಬೇರೆಯವರ ಮುಖ ಇರುತ್ತೆ, ಅದನ್ನು ಇನ್ನೊಬ್ಬರಿಗೆ ಮಾರೋಕಾಗಲ್ಲ.

ಮುಹೂರ್ತದ ದಿನ ದುಡ್ಡು ಕೇಳಲೇಬೇಡಿ. ಆ ಅಪ್ಪ ಅಮ್ಮ ಬೆಳಗಿನ ಜಾವದಿಂದ ಕಾಲ ಮೇಲೆ ನಿಂತಿರುತ್ತಾರೆ. ಮಗಳನ್ನು ಕಳಿಸುವ ಹೊತ್ತಲ್ಲಿ ಬಿಲ್ ಹಿಡಿದು ನಿಲ್ಲುವುದು ಸಣ್ಣತನ.

ಫೋಟೊ ಆರಿಸಲು 60 ದಿನ ಅಂತ ಬುಕಿಂಗ್ ಹಾಳೆಯಲ್ಲಿ ಬರೆಯಿರಿ. ಅದು ದಾಟಿದರೆ ನೀವೇ ಆರಿಸಿ ಡಿಸೈನ್ ಮಾಡುತ್ತೀರಿ ಅಂತಲೂ ಬರೆಯಿರಿ. 3,000 ಫೋಟೊ ಕೊಟ್ಟು 150 ಆರಿಸಿ ಅಂದರೆ ಯಾರಿಗೂ ಆಗೋದಿಲ್ಲ. ನೀವೇ 500ಕ್ಕೆ ಇಳಿಸಿ ಕೊಡಿ. ಅರ್ಧ ವಿಳಂಬ ಅಲ್ಲೇ ಕಡಿಮೆಯಾಗುತ್ತೆ.

ಸೂತಕ ಬಂದು ಮದುವೆ ಮುಂದೆ ಹೋದರೆ ಮುಂಗಡವನ್ನು ಮುಟ್ಟುಗೋಲು ಹಾಕಬೇಡಿ. ಹೊಸ ದಿನಕ್ಕೆ ನೀವು ಖಾಲಿ ಇದ್ದರೆ ಹಾಗೇ ಬದಲಿಸಿ ಕೊಡಿ. ಇನ್ನೊಂದು: ದೊಡ್ಡ ಮದುವೆಯಾದರೆ, ಒಂದೇ ಕಾರ್ಯಕ್ರಮಕ್ಕೆ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. 2017ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ಈ ನಿಯಮ ಇದೆ. ಕಂತಿನಲ್ಲಿ ಕೊಟ್ಟರೂ ಲೆಕ್ಕ ಅದೇ. ಬ್ಯಾಂಕ್ ಮೂಲಕವೇ ತಗೊಳ್ಳಿ.

ಪ್ರಶ್ನೆ: ಪ್ಯಾಕೇಜ್ ಜೊತೆ ಡ್ರೋನ್ ಉಚಿತ ಅಂತ ಹಾಕಬಹುದಾ? – ಓದುಗ, ತಿಪಟೂರು

ಉತ್ತರ: ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂಗಿಂತ ಜಾಸ್ತಿ ತೂಕದ ಡ್ರೋನ್ ಅನ್ನು ದುಡಿಮೆಗಾಗಿ ಹಾರಿಸಲು ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಡ್ರೋನ್ ನೋಂದಣಿ ಆಗಿರಬೇಕು, ಛತ್ರ ಇರುವ ಜಾಗ ಹಸಿರು ವಲಯವೋ (ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗ) ಅಲ್ಲವೋ ಅಂತ ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನೋಡಬೇಕು. ಇಷ್ಟು ಹೊಣೆ ಇರುವ ಕೆಲಸವನ್ನು ಉಚಿತ ಅನ್ನಬಾರದು. ಪ್ರಮಾಣಪತ್ರ ಇರುವವರನ್ನು ಕರೆಸಿ, ಅವರ ದರವನ್ನು ಬೇರೆ ಸಾಲಿನಲ್ಲಿ ತೋರಿಸಿ. ಮದುವೆಗೆ ಮುಂಚಿನ ಪ್ರೀ ವೆಡ್ಡಿಂಗ್ ಶೂಟಿಂಗ್‌ಗೂ ಹೀಗೇ. ಹಂಪಿ, ಹಳೇಬೀಡಿನಂಥ ಕಡೆ ಪುರಾತತ್ವ ಇಲಾಖೆಯ ಅನುಮತಿ ಕೇಳದೆ ತಂಡ ಕಟ್ಟಿಕೊಂಡು ಹೋಗಬೇಡಿ. ಆ ಶುಲ್ಕ, ಓಡಾಟ, ವಸತಿ ಗಿರಾಕಿಯದ್ದು ಅಂತ ಬರೆದಿಡಿ.

ಪ್ರಶ್ನೆ: ನಾನೇ ತೆಗೆದ ಫೋಟೊವನ್ನು ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಕ್ಕೆ ಮದುಮಗಳ ಮನೆಯವರು ಜಗಳಕ್ಕೆ ಬಂದರು. ಫೋಟೊ ನನ್ನದಲ್ವಾ? – ಓದುಗ, ಮೈಸೂರು

ಉತ್ತರ: ಬಹಳ ಫೋಟೊಗ್ರಾಫರ್‌ಗಳಿಗೆ ಇದು ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಯಾರಾದರೂ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ತೆಗೆಸಿದವರೇ. ಬೇರೆ ಒಪ್ಪಂದ ಇದ್ದರೆ ಮಾತ್ರ ಅದು ಬದಲಾಗುತ್ತೆ. ಆದ್ದರಿಂದ ಬುಕಿಂಗ್ ಹಾಳೆಯಲ್ಲಿ ‘ಫೋಟೊಗಳನ್ನು ಪ್ರಚಾರಕ್ಕೆ ಬಳಸಲು ಒಪ್ಪಿಗೆ: ಇದೆ / ಇಲ್ಲ’ ಅಂತ ಒಂದು ಸಾಲು ಇಟ್ಟು ಸಹಿ ಹಾಕಿಸಿ. ಒಪ್ಪಿದವರಿಗೆ ಐದು ಶೀಟ್ ಹೆಚ್ಚು ಕೊಡಿ. ಒಪ್ಪದಿದ್ದರೆ ಹಾಕಬೇಡಿ. ಈಗ ಆ ಮನೆಯವರ ಫೋಟೊ ತೆಗೆದುಹಾಕಿ, ಫೋನ್ ಮಾಡಿ ಹೇಳಿ.

ಪ್ರಶ್ನೆ: ಜಿಎಸ್‌ಟಿ ಯಾವಾಗ ಶುರುವಾಗುತ್ತೆ? – ಓದುಗ, ಶಿವಮೊಗ್ಗ

ಉತ್ತರ: ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಲಾಭ ಅಲ್ಲ, ಒಟ್ಟು ಬಂದ ದುಡ್ಡು. ಫೋಟೊಗ್ರಫಿ ಸೇವೆಗೆ ತೆರಿಗೆ ನೂರಕ್ಕೆ 18. 50 ಲಕ್ಷದವರೆಗಿನವರಿಗೆ ನೂರಕ್ಕೆ 6ರ ಸರಳ ಯೋಜನೆಯೂ ಇದೆ, ಆದರೆ ಆ ಆರನ್ನು ಗಿರಾಕಿಯ ಬಿಲ್‌ನಲ್ಲಿ ಹಾಕುವಂತಿಲ್ಲ, ನೀವೇ ಕಟ್ಟಬೇಕು. ಹಾಗಾಗಿ ದರ ಇಡುವಾಗಲೇ ಅದು ಒಳಗಿರಲಿ. ನಿಮಗೆ ಯಾವುದು ಅನುಕೂಲ ಅಂತ ಲೆಕ್ಕಿಗರನ್ನು ಕೇಳಿ.

ಪ್ರಶ್ನೆ: ನಾನು ಗಿರಾಕಿ ಕಡೆಯವಳು. ಮಗಳದ್ದು ಮಂತ್ರ ಮಾಂಗಲ್ಯ ಮದುವೆ, 60 ಜನ. ಯಾವ ಸ್ಟುಡಿಯೊದವರೂ ಚಿಕ್ಕ ಕೆಲಸಕ್ಕೆ ದರ ಹೇಳುತ್ತಿಲ್ಲ, ಎರಡು ದಿನದ ಪ್ಯಾಕೇಜನ್ನೇ ಮುಂದಿಡುತ್ತಾರೆ. – ಓದುಗರು, ತೀರ್ಥಹಳ್ಳಿ

ಉತ್ತರ: ಮಂತ್ರ ಮಾಂಗಲ್ಯವನ್ನು ಕೊಟ್ಟ ಕುವೆಂಪು ಅವರ ಊರಿನ ಕಡೆಯಲ್ಲೇ ಸರಳ ಮದುವೆಗೆ ಫೋಟೊದವರು ಸಿಗುತ್ತಿಲ್ಲ ಅಂತ ಓದಿ ಬೇಸರವಾಯಿತು. ಪ್ಯಾಕೇಜ್ ಅನ್ನುವ ಮಾತನ್ನೇ ಎತ್ತಬೇಡಿ. ‘ನಾಲ್ಕು ಗಂಟೆ, ಒಬ್ಬ ಫೋಟೊಗ್ರಾಫರ್, ತಿದ್ದಿದ 200 ಫೋಟೊ, ಆಲ್ಬಮ್ ಬೇಡ, ಇದಕ್ಕೆ ಎಷ್ಟು?’ ಅಂತ ಕೇಳಿ. ಆಲ್ಬಮ್ ಆಮೇಲೆ ಬೇಕಾದರೆ ಮಾಡಿಸಬಹುದು. ಒಂದು ಚೌಕಾಸಿ ಮಾಡಿ: ನಿಮ್ಮ ದಿನ ದೊಡ್ಡ ಮುಹೂರ್ತ ಇರುವ ದಿನವಲ್ಲದಿದ್ದರೆ ಅವರು ಖಾಲಿಯೇ ಇರುತ್ತಾರೆ, ಆಗ ದರ ಇಳಿಸಿ ಕೇಳುವುದು ನ್ಯಾಯ.

ಮುಂಗಡ ಕೊಡುವ ಮುಂಚೆ ಅವರು ಮಾಡಿದ ಒಂದು ಪೂರ್ತಿ ಮದುವೆಯ ಆಲ್ಬಮ್ ತೋರಿಸಲು ಹೇಳಿ, ಆಯ್ದ ಹತ್ತು ಫೋಟೊ ಸಾಲದು. ಆ ಆಲ್ಬಮ್‌ನಲ್ಲಿ ಅಜ್ಜ ಅಜ್ಜಿಯರ ಫೋಟೊ ಚೆನ್ನಾಗಿ ಬಂದಿದೆಯಾ ನೋಡಿ. ನಿಮ್ಮ ಕಡೆಯಿಂದ ಯಾರು ಯಾರು ಜೊತೆಯಾಗಿ ನಿಲ್ಲಬೇಕು ಅಂತ ಒಂದು ಪಟ್ಟಿ ಬರೆದು, ಎಲ್ಲರ ಹೆಸರು ಗೊತ್ತಿರುವ ಒಬ್ಬ ಹುಡುಗಿಯ ಕೈಗೆ ಕೊಡಿ. 60 ಜನರಿಗೆ ಅರ್ಧ ಗಂಟೆ ಸಾಕು.