ಮನೆಯಲ್ಲೇ ಕುಡಿದರೆ ಬೀಳುವ ಭಯವಿಲ್ಲವೇ?

ಅರವತ್ತೆರಡು ವರ್ಷದ ನಿಮ್ಮ ತಂದೆ ನಿವೃತ್ತರಾದ ಮೇಲೆ ಬಾರಿಗೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ದಿನವೂ ರಾತ್ರಿ ಎರಡು ಪೆಗ್ ತೆಗೆದುಕೊಳ್ಳುತ್ತಾರೆ, ‘ಗಾಡಿ ಓಡಿಸುವುದಿಲ್ಲ, ಬೀದಿಗೆ ಇಳಿಯುವುದಿಲ್ಲ, ಇನ್ನೇನು ಅಪಾಯ’ ಎನ್ನುತ್ತಾರೆ, ಅವರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಹನ್ನೊಂದು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ಅದರಲ್ಲಿ ಬಹುಪಾಲು ರಾತ್ರಿ ಪಾಳಿ. ನಡುರಾತ್ರಿಯ ನಂತರ ತಲೆಗೆ ಟವೆಲ್ ಒತ್ತಿಕೊಂಡು, ಬಾಯಲ್ಲಿ ಮದ್ಯದ ವಾಸನೆಯೊಂದಿಗೆ ಬಂದವರನ್ನು ಎಲ್ಲಿ ಬಿದ್ದಿರಿ ಎಂದು ಕೇಳಿದರೆ, ರಸ್ತೆಯ ಹೆಸರಿನಷ್ಟೇ ಸಲೀಸಾಗಿ ಬಚ್ಚಲುಮನೆ, ಮೆಟ್ಟಿಲು, ತಾರಸಿ ಎಂಬ ಉತ್ತರಗಳೂ ಬರುತ್ತಿದ್ದವು.

ಗಾಡಿ ಬಿಟ್ಟದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ರಸ್ತೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬ ಕಾನೂನಿನ ಮಿತಿಯಾದರೂ ಇದೆ, ಪೊಲೀಸರು ನಿಲ್ಲಿಸಿ ಊದಿಸುತ್ತಾರೆ. ಮನೆಯೊಳಗೆ ಊದಿಸುವವರು ಯಾರೂ ಇಲ್ಲ, ಪೆಗ್ಗಿಗೆ ಅಳತೆಯೂ ಇಲ್ಲ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರ್ಯಾಂಡಿ, ರಮ್ಮಿನಲ್ಲಿ ಸಾಮಾನ್ಯವಾಗಿ ಶೇಕಡಾ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಆ ಲೆಕ್ಕದಲ್ಲಿ 30 ಮಿಲಿಲೀಟರಿನ ಸಣ್ಣ ಪೆಗ್ ಎಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್, ದೊಡ್ಡ ಪೆಗ್ ಎಂದರೆ 20 ಗ್ರಾಂ. ಅದನ್ನು ಕರಗಿಸುವುದಕ್ಕೆ ದೇಹಕ್ಕೆ ಸಣ್ಣ ಪೆಗ್ಗೊಂದಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಹಲವರಿಗೆ ಅದಕ್ಕೂ ಹೆಚ್ಚು. ನಿಮ್ಮ ತಂದೆ ಕಣ್ಣಳತೆಯಲ್ಲಿ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಳ್ಳುವವರಾಗಿದ್ದರೆ, ಒಂದು ದಿನ ಆ ಲೋಟವನ್ನು ಕೆಮ್ಮಿನ ಔಷಧದ ಮುಚ್ಚಳದಿಂದ ಅಳೆದು ನೋಡಿ. ‘ಬರೀ ಬಿಯರ್’ ಎನ್ನುವವರಿಗೂ ಇದೇ ಮಾತು: 650 ಮಿಲಿಲೀಟರಿನ ಶೇಕಡಾ 8ರ ಸ್ಟ್ರಾಂಗ್ ಬಿಯರ್ ಬಾಟಲಿ ನಾಲ್ಕು ಸಣ್ಣ ಪೆಗ್ಗಿಗೆ ಸಮ.

ಕುಡಿಯುತ್ತಾ ಕುಳಿತಿರುವಾಗ ಯಾರೂ ಅಷ್ಟಾಗಿ ಬೀಳುವುದಿಲ್ಲ. ಅಪಾಯ ಇರುವುದು ಮಲಗಿ ಮೂರ್ನಾಲ್ಕು ಗಂಟೆಯಾದ ಮೇಲೆ. ಮೂತ್ರವನ್ನು ಹಿಡಿತದಲ್ಲಿಡುವ ಹಾರ್ಮೋನನ್ನು ಆಲ್ಕೋಹಾಲ್ ಅಡಗಿಸುವುದರಿಂದ ನಿದ್ದೆಯಲ್ಲಿ ಎಚ್ಚರವಾಗುತ್ತದೆ. ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆ. ನಿಂತುಕೊಂಡೇ ಮೂತ್ರ ಮಾಡುವ ಗಂಡಸರಲ್ಲಿ ಆ ಕ್ಷಣಕ್ಕೆ ಅದು ಇನ್ನಷ್ಟು ಇಳಿದು ಕಣ್ಣು ಕತ್ತಲಿಡುತ್ತದೆ. ದೇಹದ ಸಮತೋಲವನ್ನು ಕಾಯುವ ಕಿರುಮೆದುಳೂ ಒಳಕಿವಿಯೂ ಆಗಿನ್ನೂ ಮದ್ಯದ ಹಿಡಿತದಲ್ಲೇ ಇರುತ್ತವೆ. ಇದರ ಜೊತೆಗೆ ಬಿ.ಪಿ. ಮಾತ್ರೆಯೋ ನಿದ್ದೆ ಮಾತ್ರೆಯೋ ಸೇರಿದರೆ ಹೇಳುವುದೇ ಬೇಡ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆ ನುಂಗಿ, ಊಟ ಬಿಟ್ಟು ಕುಡಿದವರಿಗೆ ಸಕ್ಕರೆ ಇಳಿದು ಪ್ರಜ್ಞೆಯೇ ತಪ್ಪಬಹುದು.

ನಮ್ಮ ಊರಿನ ಮನೆಗಳ ರಚನೆಯೂ ಇದಕ್ಕೆ ಹೊಂದಿಕೊಂಡಂತಿದೆ. ಇಪ್ಪತ್ತು–ಮೂವತ್ತರ ಸೈಟಿನಲ್ಲಿ ಜಾಗ ಉಳಿಸಲು ಹೊರಗಡೆ ಕಡಿದಾದ ಮೆಟ್ಟಿಲು, ಅದಕ್ಕೆ ಒಂದೇ ಕಡೆ ಕಂಬಿ; ಬಚ್ಚಲಿಗೆ ನುಣುಪಾದ ಟೈಲ್ಸ್; ಕಾವೇರಿ ನೀರು ರಾತ್ರಿ ಬಂದರೆ ಸಂಪಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಇಣುಕುವ ಅಭ್ಯಾಸ. ಕುಡಿದವರನ್ನು ಸಂಪಿನ ಬಳಿಗೂ ತಾರಸಿಗೂ ಕಳಿಸಬೇಡಿ ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ. ಹೊತ್ತುಮೀರಿ ಆಮ್ಲೆಟ್ ಮಾಡಲು ಹೊರಡುವವರ ಕೈಯಿಂದ ಸೌಟು ಕಿತ್ತುಕೊಳ್ಳುವುದೂ ಒಂದು ಪುಣ್ಯದ ಕೆಲಸ.

ಆದರೆ ಬೀಳುವುದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬಿದ್ದ ನಂತರ ಮನೆಯವರು ಆಡುವ ‘ಕುಡಿದಿದ್ದಾರೆ, ಮಲಗಲಿ ಬಿಡಿ’ ಎಂಬ ಮಾತು. ಇದನ್ನು ನಾನೂ ಆಡಿದ್ದೇನೆ. ಶ್ರೀರಾಮಪುರದಲ್ಲಿದ್ದ ನನ್ನ ಸೋದರಮಾವ ಒಂದು ರಾತ್ರಿ ಬಚ್ಚಲ ಹೊಸ್ತಿಲು ಎಡವಿ ಬಾಗಿಲ ಚೌಕಟ್ಟಿಗೆ ತಲೆ ಹೊಡೆದುಕೊಂಡರು. ಸಣ್ಣ ಬುಗುಟು ಬಂದಿತ್ತು, ರಕ್ತ ಬಂದಿರಲಿಲ್ಲ, ಬೆಳಿಗ್ಗೆ ಎದ್ದು ಕಾಫಿ ಕುಡಿದರು. ಮೂರು ವಾರದ ಮೇಲೆ ಅತ್ತೆ ಫೋನ್ ಮಾಡಿ, ‘ನಿಮ್ಮ ಮಾವ ಎಡಗಾಲಿನ ಚಪ್ಪಲೀನ ದಾರೀಲೇ ಬಿಟ್ಟು ಬರ್ತಾರೆ ಕಣೋ, ಬಿಟ್ಟಿದ್ದೂ ಗೊತ್ತಾಗಲ್ಲ’ ಎಂದರು. ಹೋಗಿ ನೋಡಿದೆ. ಹಾಲಿನಿಂದ ಬಾಗಿಲವರೆಗೆ ನಡೆಯುವಷ್ಟರಲ್ಲಿ ಹವಾಯಿ ಚಪ್ಪಲಿ ಕಾಲಿನಿಂದ ಜಾರಿ ಹಿಂದೆಯೇ ಉಳಿಯಿತು; ಅವರು ಒಂದು ಕಾಲಿನಲ್ಲಿ ಚಪ್ಪಲಿ, ಇನ್ನೊಂದು ಬರಿಗಾಲು ಹಾಗೇ ನಡೆದರು. ಕ್ಯಾಶುವಾಲ್ಟಿಯಲ್ಲಿ ಕೆಲಸ ಮಾಡುವ ನಾನು ‘ಕುಡಿತ ಜಾಸ್ತಿಯಾಗಿದೆ’ ಎಂದು ಹೇಳಿ ಎದ್ದು ಬಂದೆ. ಎರಡು ದಿನದ ನಂತರ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ತಲೆಬುರುಡೆಗೂ ಮೆದುಳಿಗೂ ನಡುವೆ ರಕ್ತ ಶೇಖರವಾಗಿತ್ತು. ಬುರುಡೆಯಲ್ಲಿ ರಂಧ್ರ ಕೊರೆದು ತೆಗೆದ ಆ ರಕ್ತ ಇಂಜಿನ್ ಆಯಿಲಿನ ಬಣ್ಣಕ್ಕೆ ತಿರುಗಿತ್ತು. ಬಹುಕಾಲ ಕುಡಿದವರ ಮೆದುಳು ಸ್ವಲ್ಪ ಕುಗ್ಗಿರುತ್ತದೆ, ಅದನ್ನು ಹೊದಿಕೆಗೆ ಜೋಡಿಸುವ ಸಣ್ಣ ರಕ್ತನಾಳಗಳು ಬಿಗಿಯಾಗಿ ಎಳೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು ವಾರಗಟ್ಟಲೆ ಒಸರಬಹುದು. ಮಾವ ಚೇತರಿಸಿಕೊಂಡರು. ಈಗಲೂ ನನ್ನನ್ನು ಕಂಡಾಗ ಚಪ್ಪಲಿಯನ್ನು ಸುಮ್ಮನೆ ಒಮ್ಮೆ ನೆಲಕ್ಕೆ ಬಡಿದು ತೋರಿಸುತ್ತಾರೆ.

ಆದ್ದರಿಂದ ತಂದೆಯವರು ಬಿದ್ದು ತಲೆಗೆ ಪೆಟ್ಟಾದರೆ ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ ಎಂದು ಕಿಕ್ ಇಳಿಸಲು ಹೊತ್ತು ಕಳೆಯಬೇಡಿ. ಅಮಲು ಗಂಟೆ ಕಳೆದಂತೆ ಇಳಿಯಬೇಕು. ಅದರ ಬದಲು ಮಂಪರು ಏರುತ್ತಿದ್ದರೆ, ಮತ್ತೆ ಮತ್ತೆ ವಾಂತಿಯಾದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರಿನಂಥ ದ್ರವವೋ ರಕ್ತವೋ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ 108ಕ್ಕೆ ಫೋನ್ ಮಾಡಿ. ಕುಡಿದು ಮಲಗಿದವರು ವಾಂತಿ ಮಾಡುವಂತಿದ್ದರೆ ಒಂದು ಮಗ್ಗುಲಿಗೆ ತಿರುಗಿಸಿ.

ಮನೆಯಲ್ಲಿ ಈ ವಾರವೇ ಮಾಡಬಹುದಾದದ್ದು ಇಷ್ಟು: ಮಂಚದಿಂದ ಬಚ್ಚಲವರೆಗೆ ರಾತ್ರಿಯಿಡೀ ಒಂದು ಸಣ್ಣ ದೀಪ, ಕಮೋಡಿನ ಪಕ್ಕ ಗೋಡೆಗೆ ಹಿಡಿಕೆ, ಹೊರಗಿನಿಂದಲೂ ತೆಗೆಯಬಹುದಾದ ಚಿಲಕ. ರಾತ್ರಿ ಕುಳಿತೇ ಮೂತ್ರ ಮಾಡಿ ಎಂದು ಅವರಿಗೆ ಹೇಳುವುದು ನಿಮಗೆ ಮುಜುಗರವಾದರೆ ಅವರ ವೈದ್ಯರಿಂದ ಹೇಳಿಸಿ. ಬಾಟಲಿಯನ್ನು ಬಚ್ಚಿಟ್ಟು ಒಮ್ಮೆಗೇ ನಿಲ್ಲಿಸುವ ಸಾಹಸ ಮಾತ್ರ ಬೇಡ. ದಿನವೂ ಹೆಚ್ಚು ಕುಡಿಯುವವರಿಗೆ ಹಠಾತ್ತಾಗಿ ನಿಂತರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು, ಆಗಲೂ ಬೀಳುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಅವರು ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ನೀವು ಬರೆದಿಲ್ಲ. ತೆಗೆದುಕೊಳ್ಳುತ್ತಿದ್ದರೆ, ತಲೆಗೆ ಎಷ್ಟೇ ಸಣ್ಣ ಪೆಟ್ಟು ಬಿದ್ದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ, ಮಾತ್ರೆಯ ಪಟ್ಟಿಯನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ.