ಐವರ ಮನೆಗೆ ಎಷ್ಟು ರೇಷನ್?

ಪ್ರಶ್ನೆ: ಯುದ್ಧದಿಂದ ನಲುಗಿದ ಊರಿನಲ್ಲಿ ಚರ್ಚ್ ಮೂಲಕ ಆಹಾರ ಹಂಚುವಾಗ ಐವರ ಕುಟುಂಬಕ್ಕೆ ತಿಂಗಳಿಗೆ ಎಷ್ಟು ಬೇಕು?

ಉತ್ತರ: ಒಬ್ಬರಿಗೆ ದಿನಕ್ಕೆ 2,100 ಕಿಲೊಕ್ಯಾಲರಿ ಲೆಕ್ಕ ಹಿಡಿಯಿರಿ. ಐವರಿಗೆ 30 ದಿನಕ್ಕೆ ಸುಮಾರು 67 ಕೆ.ಜಿ. ಅಕ್ಕಿ ಅಥವಾ ಗೋಧಿ ಹಿಟ್ಟು, 9 ಕೆ.ಜಿ. ಬೇಳೆ, 5 ಲೀಟರ್ ಎಣ್ಣೆ, 750 ಗ್ರಾಂ ಅಯೋಡಿನ್ ಉಪ್ಪು. ಇಡೀ ಕಾಳು ಬೇಡ. ಸೌದೆ ಸಿಗದ ಕಡೆ ಅದನ್ನು ಬೇಯಿಸುವುದೇ ಕಷ್ಟ. ಇಷ್ಟು ಭಾರವನ್ನು ವಯಸ್ಸಾದವರು, ಬಸುರಿಯರು ಹೊರಲಾರರು, ದಾರಿಯಲ್ಲಿ ಲೂಟಿಯ ಭಯವೂ ಉಂಟು. 15 ದಿನಕ್ಕೊಮ್ಮೆ ಹಂಚಿ. ದಾನ ಬಂದ ಹಾಲಿನ ಪುಡಿಯನ್ನು ಮನೆಮನೆಗೆ ಕೊಡಲೇಬೇಡಿ: ಕೊಳಕು ನೀರಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸಿದರೆ ಕೂಸಿಗೆ ಭೇದಿ ಹಿಡಿಯುತ್ತದೆ. ಹಂಚಿಕೆಯನ್ನು ಪ್ರಾರ್ಥನೆಯ ಹೊತ್ತಿಗೆ ಇಟ್ಟರೆ ಬೇರೆ ಧರ್ಮದವರು ಹಿಂಜರಿದು ಹಸಿದೇ ಉಳಿಯುತ್ತಾರೆ. ಬೇರೆ ದಿನ ಇಡಿ.