ಒಂದೇ ತಳಿ, ಎರಡು ಮಾಧ್ಯಮ: ಸಿಡೆರೋಫೋರ್ ಪ್ರಮಾಣ ಬದಲಾಗುವುದೇಕೆ?

ಪ್ರಶ್ನೆ: ಬಾವಿ ನೀರಿನಿಂದ ಬೇರ್ಪಡಿಸಿದ ವಿಬ್ರಿಯೊ ಕಾಲರೆ ತಳಿಯೊಂದು ಕನಿಷ್ಠ ಪೋಷಕಾಂಶಗಳ ಮಾಧ್ಯಮದಲ್ಲಿ ಸಿಡೆರೋಫೋರ್ (ಹೊರಗಿನ ಕಬ್ಬಿಣವನ್ನು ಹಿಡಿದು ಕೋಶಕ್ಕೆ ತರುವ ಸಣ್ಣ ಅಣು) ಉತ್ಪಾದಿಸುತ್ತದೆ, ನ್ಯೂಟ್ರಿಯಂಟ್ ಬ್ರಾತ್‌ನಲ್ಲಿ ಬಹುತೇಕ ಇಲ್ಲ. ಪಿಎಚ್, ತಾಪಮಾನ, ಗಾಳಿ ಇವುಗಳಲ್ಲಿ ಯಾವುದರ ಪ್ರಭಾವ ಹೆಚ್ಚು? ಸಿಡೆರೋಫೋರ್ ಕೊಡದ ತಳಿಯನ್ನು ನಿರಪಾಯಕಾರಿ ಎನ್ನಬಹುದೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಮೂರಕ್ಕಿಂತ ಮೊದಲು ಗಮನಿಸಬೇಕಾದದ್ದು ಮಾಧ್ಯಮದಲ್ಲಿರುವ ಕಬ್ಬಿಣವನ್ನು. ಕಾಲರಾ ರೋಗಾಣುವಿನ ಸಿಡೆರೋಫೋರ್ ಆದ ವಿಬ್ರಿಯೊಬ್ಯಾಕ್ಟಿನ್‌ನ ರಚನೆ 1984ರಲ್ಲಿ ಪ್ರಕಟವಾಯಿತು. ಜೀವಕೋಶದಲ್ಲಿ ಕಬ್ಬಿಣ ಸಾಕಷ್ಟಿರುವಾಗ ಫರ್ ಎಂಬ ಪ್ರೋಟೀನು ಕಬ್ಬಿಣದ ಫೆರಸ್ (Fe²⁺) ಅಯಾನಿನೊಡನೆ ಕೂಡಿ, ಈ ಸಂಯುಕ್ತವನ್ನು ತಯಾರಿಸುವ ಜೀನುಗಳು ಕೆಲಸ ಮಾಡದಂತೆ ತಡೆಯುತ್ತದೆ. ಕಬ್ಬಿಣ ಕಡಿಮೆಯಾದಾಗ ಆ ತಡೆ ಸಡಿಲವಾಗುತ್ತದೆ. ನ್ಯೂಟ್ರಿಯಂಟ್ ಬ್ರಾತ್ ತಯಾರಿಸಲು ಬಳಸುವ ಪೆಪ್ಟೋನ್ ಮತ್ತು ಬೀಫ್ ಎಕ್ಸ್‌ಟ್ರಾಕ್ಟ್‌ಗಳಲ್ಲಿ ಕಬ್ಬಿಣ ಇದ್ದೇ ಇರುವುದರಿಂದ ಬ್ರಾತ್‌ನಲ್ಲಿ ನಿಮಗೆ ಕಂಡದ್ದು ಸಹಜವೇ.

ಪಿಎಚ್ ಮತ್ತು ಗಾಳಿಯ ಪ್ರಭಾವವೂ ಬಹುಮಟ್ಟಿಗೆ ಕಬ್ಬಿಣದ ಮೂಲಕವೇ ನಡೆಯುತ್ತದೆ. ಆಮ್ಲಜನಕವಿರುವ, ತಟಸ್ಥ ಅಥವಾ ಕ್ಷಾರೀಯ ನೀರಿನಲ್ಲಿ ಫೆರಿಕ್ (Fe³⁺) ಕಬ್ಬಿಣವು ಕರಗದ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿಯುವುದರಿಂದ ಕೋಶಕ್ಕೆ ಸುಲಭವಾಗಿ ಸಿಗುವುದಿಲ್ಲ. ಆಮ್ಲಜನಕವಿಲ್ಲದೆಡೆ ಕರಗಬಲ್ಲ ಫೆರಸ್ ರೂಪ ಉಳಿಯುತ್ತದೆ; ಅದನ್ನು ಫಿಯೊ ಎಂಬ ಸಾಗಣೆ ವ್ಯವಸ್ಥೆ ನೇರವಾಗಿ ಒಳಗೊಯ್ಯುವುದರಿಂದ ಸಿಡೆರೋಫೋರ್‌ನ ಅಗತ್ಯ ತಗ್ಗುತ್ತದೆ. ತಾಪಮಾನ ಬದಲಿಸಿದರೆ ಬೆಳವಣಿಗೆಯೇ ಬದಲಾಗುತ್ತದೆ. ಆದ್ದರಿಂದ ಸಿಡೆರೋಫೋರ್ ಅಳತೆಯನ್ನು ಕೋಶಸಾಂದ್ರತೆಯಿಂದ ಭಾಗಿಸದೆ ಹೋಲಿಸಿದ ಅಂಕಿಗಳಿಗೆ ನಾನು ಬೆಲೆ ಕೊಡುವುದಿಲ್ಲ.

ಫಲಿತಾಂಶ ಹೆಚ್ಚಾಗಿ ಕೆಡುವುದು ಗಾಜಿನ ಸಾಮಾನಿನಿಂದ. ಫ್ಲಾಸ್ಕುಗಳನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಅಯಾನುರಹಿತ ನೀರಿನಲ್ಲಿ ಹಲವು ಬಾರಿ ತೊಳೆಯಿರಿ. ಕ್ಷಾರೀಯ ಪೆಪ್ಟೋನ್ ನೀರಿನಲ್ಲಿ ಬೆಳೆಸಿದ ಕೋಶಗಳು ಕಬ್ಬಿಣವನ್ನು ಒಳಗೆ ಕೂಡಿಟ್ಟುಕೊಂಡಿರುತ್ತವೆ. ಅವನ್ನು ಸಲೈನ್‌ನಲ್ಲಿ ತೊಳೆದು, ಕಬ್ಬಿಣ ಕಡಿಮೆಯಿರುವ ಮಾಧ್ಯಮದಲ್ಲಿ ಒಮ್ಮೆ ಬೆಳೆಸಿದ ಬಳಿಕವೇ ಪ್ರಯೋಗಕ್ಕೆ ಬಳಸಿ. 1987ರಲ್ಲಿ ಶ್ವಿನ್ ಮತ್ತು ನೀಲ್ಯಾಂಡ್ಸ್ ರೂಪಿಸಿದ ಸಿಎಎಸ್ ಪರೀಕ್ಷೆಯಲ್ಲಿ (ಬಣ್ಣದ್ರವ್ಯದಿಂದ ಕಬ್ಬಿಣ ಕಳಚಿಹೋದಾಗ ಬಣ್ಣ ಬದಲಾಗುತ್ತದೆ) ನೀಲಿ ಬಣ್ಣ ಕಿತ್ತಳೆಗೆ ತಿರುಗಿದ ಮಾತ್ರಕ್ಕೆ ಸಿಡೆರೋಫೋರ್ ಇದೆಯೆಂದು ತೀರ್ಮಾನಿಸಬೇಡಿ. ಮಾಧ್ಯಮದಲ್ಲಿರುವ ಸಿಟ್ರೇಟ್ ಕೂಡ ಕಬ್ಬಿಣವನ್ನು ಸೆಳೆದುಕೊಳ್ಳಬಲ್ಲದು. ವಿಬ್ರಿಯೊಬ್ಯಾಕ್ಟಿನ್ ಕ್ಯಾಟೆಕಾಲ್ ಎಂಬ ರಾಸಾಯನಿಕ ವರ್ಗದ್ದಾದ್ದರಿಂದ, ಆ ವರ್ಗವನ್ನು ಗುರುತಿಸುವ ಆರ್ನೊ ಪರೀಕ್ಷೆಯನ್ನೂ ಮಾಡಿ, ಜೊತೆಗೆ ಫೆರಿಕ್ ಕ್ಲೋರೈಡ್ ಸೇರಿಸಿದ ಫ್ಲಾಸ್ಕೊಂದನ್ನು ಇಡಿ. ಅದರಲ್ಲಿ ಉತ್ಪಾದನೆ ಕುಗ್ಗಿ, ಬೆಳವಣಿಗೆ ಕುಗ್ಗದಿದ್ದರೆ ಕಬ್ಬಿಣದ ನಿಯಂತ್ರಣವೇ ಕಾರಣವೆಂದು ಧೈರ್ಯವಾಗಿ ಬರೆಯಬಹುದು.

ಕೊನೆಯ ಪ್ರಶ್ನೆಗೆ ಉತ್ತರ: ಹಾಗೆನ್ನಲಾಗದು. ವಿಬ್ರಿಯೊಬ್ಯಾಕ್ಟಿನ್ ತಯಾರಿಸಲಾರದ ರೂಪಾಂತರಿತ ತಳಿಗಳು ಇಲಿಮರಿಗಳ ಕರುಳಿನಲ್ಲಿ ವೃದ್ಧಿಯಾದದ್ದು ದಾಖಲಾಗಿದೆ. ಈ ಬ್ಯಾಕ್ಟೀರಿಯಾ ಹೀಮ್‌ನಿಂದಲೂ (ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣಯುಕ್ತ ಭಾಗ), ಬೇರೆ ಜೀವಿಗಳು ತಯಾರಿಸಿದ ಎಂಟೆರೋಬ್ಯಾಕ್ಟಿನ್‌ನಂಥ ಸಿಡೆರೋಫೋರ್‌ಗಳ ಮೂಲಕವೂ ಕಬ್ಬಿಣ ಪಡೆಯಬಲ್ಲದು. ಅಪಾಯವನ್ನು ಅಳೆಯಲು ಕಾಲರಾ ವಿಷದ ಜೀನು ಇದೆಯೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಿ.